ದೊಡ್ಡಮ್ಮ ಒರೆಸಿದ ಹೆಜ್ಜೆಗಳು

ನಮ್ಮ ದೊಡ್ಡಮ್ಮ ಏನು ಕೆಲಸ ಮಾಡುತ್ತಿದ್ದಳು ಎಂದು ಯಾರಾದರೂ ಕೇಳಿದರೆ ಅವಳು "ಮನೆ ಖಾಲಿ ಮಾಡೋದು" ಎನ್ನುತ್ತಾಳೆ. ಕೇಳಿದವರು ಒಂದು ಕ್ಷಣ ಗಾಬರಿಯಾಗುತ್ತಾರೆ. ಆಮೇಲೆ ಪಕ್ಕದಲ್ಲಿರುವ ನಾವು ಬಿಡಿಸಿ ಹೇಳಬೇಕಾಗುತ್ತದೆ. ರಜೆ ಕಳೆಯಲು ಬರುವವರಿಗೆ ನಾಲ್ಕು ದಿನ, ವಾರ ಎಂದು ಬಾಡಿಗೆಗೆ ಕೊಡುವ ಮನೆಗಳಿರುತ್ತವಲ್ಲ, ಒಲೆ, ಪಾತ್ರೆ, ಹಾಸಿಗೆ ಎಲ್ಲ ಇಟ್ಟು ಅಡುಗೆ ಮಾತ್ರ ನೀವೇ ಮಾಡಿಕೊಳ್ಳಿ ಎನ್ನುವಂಥವು, ಅಂಥ ಮನೆಗಳನ್ನು ಅವಳು ಶುಚಿ ಮಾಡುತ್ತಿದ್ದಳು. ಬೆಳಗ್ಗೆ ಒಂದು ಕುಟುಂಬ ಹೊರಡುತ್ತದೆ, ಮಧ್ಯಾಹ್ನ ಇನ್ನೊಂದು ಬರುತ್ತದೆ. ನಡುವೆ ಸಿಗುವ ಹೊತ್ತಿನಲ್ಲಿ ಹೋದವರ ಗುರುತೆಲ್ಲ ಮನೆಯಿಂದ ಹೋಗಬೇಕು. ಕನ್ನಡಿಯ ಮೇಲಿನ ಬೆರಳಚ್ಚು, ಬಚ್ಚಲ ಜಾಲರಿಗೆ ಸಿಕ್ಕಿದ ಕೂದಲು, ದಿಂಬಿನಲ್ಲಿ ಉಳಿದ ತಲೆಯ ತಗ್ಗು, ಫ್ರಿಜ್ಜಿನ ಬಾಗಿಲಲ್ಲಿ ಮರೆತ ಅರ್ಧ ನಿಂಬೆಹಣ್ಣು. "ಬಂದವರಿಗೆ ಈ ಮನೇಲಿ ಮೊದಲು ಕಾಲಿಟ್ಟವರು ನಾವೇ ಅನ್ನಿಸ್ಬೇಕು. ಹಾಗನ್ನಿಸಿದ್ರೆ ನಾನು ಕೆಲಸ ಮಾಡಿದೀನಿ ಅಂತ," ಎನ್ನುವುದು ಅವಳ ಲೆಕ್ಕ.

ಜನ ಏನೇನು ಬಿಟ್ಟುಹೋಗುತ್ತಾರೆ ಎಂಬುದನ್ನು ಅವಳ ಬಾಯಲ್ಲೇ ಕೇಳಬೇಕು. ಉಪ್ಪಿನ ಪೊಟ್ಟಣವನ್ನು ಬಿಡದೆ ಹೋದವರೇ ಇಲ್ಲವಂತೆ. ಎಲ್ಲರೂ ಉಪ್ಪು ತರುತ್ತಾರೆ, ಎರಡು ಚಿಟಿಕೆ ಬಳಸುತ್ತಾರೆ, ಬಿಟ್ಟು ಹೋಗುತ್ತಾರೆ. ಮತ್ತೆ ಒಂಟಿ ಕಾಲುಚೀಲ. "ಆ ಇನ್ನೊಂದು ಕಾಲುಚೀಲ ಹಾಕ್ಕೊಂಡು ಎಷ್ಟು ಜನ ಊರು ಸೇರಿದಾರೋ!" ಎಂದು ನಗುತ್ತಾಳೆ.

ಊರಿಗೆಲ್ಲ ರಜೆಯಿದ್ದಾಗ ಅವಳಿಗೆ ಕೆಲಸ. ಶನಿವಾರ, ಭಾನುವಾರ, ಬೇಸಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಕ್ರಿಸ್‌ಮಸ್. ಹಾಗಾಗಿ ಅವಳ ಸ್ವಂತ ಮನೆಯ ಕ್ರಿಸ್‌ಮಸ್ ಅವಳಿಲ್ಲದೆ ನಡೆಯುತ್ತಿತ್ತು. ಅಣ್ಣ, ಅಂದರೆ ಅವಳ ಒಬ್ಬನೇ ಮಗ, ಬೆಳೆದಿದ್ದು ಹಾಗೆಯೇ. ಬೆಳಗ್ಗೆ ಅವನನ್ನು ಎಬ್ಬಿಸಿ, ಹೊಸ ಬಟ್ಟೆ ಹಾಕಿ, ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದವರು ದೊಡ್ಡಪ್ಪ. ದೊಡ್ಡಮ್ಮ ಸಂಜೆ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಿದ್ದಳು. ಕೇಕಿನ ತಟ್ಟೆ ಮಡಿಲಲ್ಲಿರುವಾಗಲೇ ನಿದ್ದೆ ಹೋಗುತ್ತಿದ್ದಳು. ದೊಡ್ಡಪ್ಪ ತಟ್ಟೆ ತೆಗೆದಿಟ್ಟು, ಕಾಲು ಒರೆಸಿ, ಮೇಲೊಂದು ಹೊದಿಕೆ ಹೊದಿಸುತ್ತಿದ್ದರಂತೆ. ಅವರು ತೀರಿಕೊಂಡು ಕೆಲವು ವರ್ಷಗಳಾದವು.

ಈಗ ಅಣ್ಣನಿಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಆರು ವರ್ಷ. ಪ್ರಶ್ನೆ ಕೇಳಲು ಶುರು ಮಾಡಿದರೆ ಎದುರಿನವರು ತಪ್ಪೊಪ್ಪಿಕೊಳ್ಳುವವರೆಗೆ ಬಿಡುವವಳಲ್ಲ. ಅದಕ್ಕೇ ಮನೆಯಲ್ಲಿ ಎಲ್ಲರೂ ಅವಳನ್ನು ವಕೀಲಮ್ಮ ಎನ್ನುತ್ತಾರೆ. ಚಿಕ್ಕವನು ಗುಂಡ. ನಾನು ಹೇಳುತ್ತಿರುವ ಕ್ರಿಸ್‌ಮಸ್ ಹೊತ್ತಿಗೆ ಅವನಿಗೆ ನಡೆಯಲು ಬರುತ್ತಿತ್ತು, ನಿಲ್ಲಲು ಬರುತ್ತಿರಲಿಲ್ಲ.

ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಾನೆ. ಅತ್ತಿಗೆ ಔಷಧಿ ಅಂಗಡಿಯಲ್ಲಿ ಕೆಲಸದಲ್ಲಿದ್ದವಳು ಗುಂಡ ಹುಟ್ಟಿದ ಮೇಲೆ ಮನೆಯಲ್ಲಿದ್ದಳು. ಹೊಸ ವರ್ಷಕ್ಕೆ ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಹಗಲು ಮಕ್ಕಳನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಬಂದಾಗ ದೊಡ್ಡಮ್ಮ ಹಿಂದೆ ಮುಂದೆ ನೋಡದೆ, "ನಾನು ಕೆಲಸ ಬಿಡ್ತೀನಿ. ನನ್ನ ಹತ್ರ ಬಿಡಿ," ಎಂದುಬಿಟ್ಟಳು. ಹೇಳಿದ ಮೇಲೆ ತನಗೆ ಇದು ಎಷ್ಟು ಬೇಕಾಗಿದೆ ಎಂದು ಅವಳಿಗೇ ಗೊತ್ತಾಯಿತಂತೆ.

ಅತ್ತಿಗೆ ನೇರ ಮಾತಿನವಳು. "ಗುಂಡ ಯಾರ ಹತ್ರ ಬೇಕಾದ್ರೂ ಹೋಗ್ತಾನೆ ಅತ್ತೆ, ಅವನದೇನೂ ಚಿಂತೆ ಇಲ್ಲ. ಇವಳದೇ. ಇವಳು ಬೇಡ ಅಂದ್ರೆ ನಾನು ಬಲವಂತ ಮಾಡಲ್ಲ. ಮೂಲೆ ಮನೆ ಶಿಶುವಿಹಾರದಲ್ಲಿ ಸ್ಕೂಲ್ ಬಿಟ್ಟ ಮಕ್ಕಳನ್ನೂ ನೋಡ್ಕೋತಾರೆ, ಅಲ್ಲಿಗೆ ಸೇರಿಸ್ತೀನಿ," ಎಂದಳು.

ವಕೀಲಮ್ಮನನ್ನು ಕರೆದು ಕೇಳಿದರು. ಅವಳು ಯೋಚಿಸಿ, "ಅಜ್ಜಿ ನಮ್ಮನೆಗೆ ಬಂದಾಗೆಲ್ಲ ಕುರ್ಚೀಲಿ ನಿದ್ದೆ ಮಾಡ್ತಾಳೆ. ನಿದ್ದೆ ಮಾಡೋವ್ರು ನಮ್ಮನ್ನ ಹೇಗೆ ನೋಡ್ಕೋತಾರೆ?" ಎಂದಳು.

ಅದು ನಿಜವೇ ಆಗಿತ್ತು. ದೊಡ್ಡಮ್ಮ ಅವರ ಮನೆಗೆ ಬರುತ್ತಿದ್ದದ್ದು ಕೆಲಸ ಮುಗಿಸಿದ ಸಂಜೆಗಳಲ್ಲಿ, ಅರ್ಧ ಗಂಟೆಗೆ.

ಹಾಗಾಗಿ ಅಣ್ಣನೇ ಒಂದು ಉಪಾಯ ಹುಡುಕಿದ. ಈ ಸಲ ಕ್ರಿಸ್‌ಮಸ್‌ಗೆ ಅಮ್ಮ ರಜೆ ಹಾಕಬೇಕು. ಎಲ್ಲರೂ ಸೇರಿ ನಾಲ್ಕು ದಿನ ಒಟ್ಟಿಗಿರಬೇಕು. ಅವನ ಮನೆಯಲ್ಲಿ ಜಾಗವಿಲ್ಲ, ದೊಡ್ಡಮ್ಮನದು ಒಂದೇ ಕೋಣೆಯ ಮನೆ. ಆದ್ದರಿಂದ ಒಂದು ರಜೆ ಮನೆ ಬಾಡಿಗೆಗೆ ಹಿಡಿದ. ಕ್ರಿಸ್‌ಮಸ್‌ಗೆ ರಜೆ ಎಂದು ದೊಡ್ಡಮ್ಮ ಕೇಳಿದಾಗ ಮೇಲ್ವಿಚಾರಕಿ, "ನೀವಾ? ಹುಷಾರಿದೀರಾ?" ಎಂದಳಂತೆ.

ಮನೆ ಒಂದು ಬೇಕರಿಯ ಹಿಂದಿನ ಗಲ್ಲಿಯಲ್ಲಿತ್ತು. ಕೆಳಗೆ ಹಜಾರ, ಅಡುಗೆಮನೆ. ಮೇಲೆ ಎರಡು ಮಲಗುವ ಕೋಣೆ. ಬಾಗಿಲ ಪಕ್ಕದ ಗೋಡೆಗೆ ಸಣ್ಣ ಪೆಟ್ಟಿಗೆ, ಅದರಲ್ಲಿ ಬೀಗದ ಕೈ. ಹಜಾರಕ್ಕೆ ಕೆಂಪು ಟೈಲ್ಸು, ಕಿಟಕಿಯ ಬಳಿ ದಪ್ಪ ಜಮಖಾನದ ಮೇಲೆ ಎತ್ತರದ ಬೆನ್ನಿನ ಒಂದು ಕುರ್ಚಿ, ನಡುವೆ ಊಟದ ಟೇಬಲ್ಲು, ಅದರ ಮೇಲೆ ನೆಲ ಮುಟ್ಟುವಷ್ಟು ಉದ್ದದ ಹಾಸುಬಟ್ಟೆ. ಬಾಗಿಲು ತೆಗೆದ ಕೂಡಲೇ ಗುಂಡ ಓಡಿ ಗೋಡೆಗೆ ತಾಗಿ ನಿಂತ. ದೊಡ್ಡಮ್ಮ ಹೊಸ್ತಿಲಲ್ಲೇ ನಿಂತು ಮೂಲೆಗಳನ್ನು ನೋಡುತ್ತಿದ್ದಳು.

"ಅಮ್ಮಾ, ನೀನಿಲ್ಲಿ ಕೆಲಸಕ್ಕೆ ಬಂದಿಲ್ಲ," ಎಂದ ಅಣ್ಣ.

"ಗೊತ್ತು ಕಣೋ. ಸುಮ್ನೆ ನೋಡ್ದೆ."

"ಏನು ಕಾಣಿಸ್ತು?"

"ಏನೂ ಇಲ್ಲ. ಇಲ್ಲಿ ಮಾಡೋವ್ಳು ಗಟ್ಟಿಗಿತ್ತಿ."

ಅಡುಗೆಮನೆಯ ಕಪಾಟು ತೆಗೆದರೆ ಮೂರು ಪೊಟ್ಟಣ ಉಪ್ಪು. ಅಣ್ಣನೂ ಒಂದು ತಂದಿದ್ದ. ಪಾತ್ರೆಗಳಿದ್ದವು, ಒಂದಕ್ಕೂ ಅದರದೇ ಮುಚ್ಚಳವಿರಲಿಲ್ಲ. ಚಾಕು ಬೆಣ್ಣೆಗೂ ಹೆದರುವಂಥದ್ದು. ಓವನ್ ಎಷ್ಟು ಚಿಕ್ಕದಿತ್ತೆಂದರೆ, ತಂದ ಕೋಳಿಯನ್ನು ಇಡೀ ಇಟ್ಟರೆ ಬಾಗಿಲು ಮುಚ್ಚುವುದಿಲ್ಲ ಎಂದು ಅತ್ತಿಗೆ ಅಳತೆ ಮಾಡಿ ನೋಡಿ, "ಕಾಲು ಹೊರಗೆ ಬಿಟ್ಟು ಬೇಯಿಸೋಣ, ಗಾಳಿ ತಗೊಳ್ಳಲಿ," ಎಂದು ನಕ್ಕಳು.

ಎಲ್ಲರೂ ಖುಷಿಯಾಗಿದ್ದರು. ಆದರೆ ದೊಡ್ಡಮ್ಮನ ಕೈ ಅವಳ ಮಾತು ಕೇಳಲಿಲ್ಲ. ಯಾರಾದರೂ ನಲ್ಲಿ ತಿರುಗಿಸಿ ಹೋದರೆ ಹಿಂದೆಯೇ ಬಟ್ಟೆ ಹಿಡಿದು ಒರೆಸುವಳು. ಸೋಫಾದಿಂದ ಯಾರಾದರೂ ಎದ್ದರೆ ದಿಂಬು ತಟ್ಟಿ ನಿಲ್ಲಿಸುವಳು. ಒಮ್ಮೆ ವಕೀಲಮ್ಮ, "ಅಜ್ಜಿ, ನಾನಿನ್ನೂ ಕೂತಿದೀನಿ," ಎನ್ನಬೇಕಾಯಿತು. ಎರಡನೆಯ ದಿನ ಆ ಹುಡುಗಿ ಜಮಖಾನದ ಮೇಲೆ ಮರದ ತುಂಡುಗಳಿಂದ ಒಂದು ಕೋಟೆ ಕಟ್ಟಿದಳು. ಬಾವಿ, ಗೋಪುರ, ಕಾವಲುಗಾರರ ಮನೆ, ಎಲ್ಲ ಇತ್ತು. ಸ್ನಾನ ಮಾಡಿ ಬರುವಷ್ಟರಲ್ಲಿ ಕೋಟೆ ಇರಲಿಲ್ಲ. ತುಂಡುಗಳೆಲ್ಲ ಬಣ್ಣ ಬಣ್ಣವಾಗಿ ವಿಂಗಡಣೆಗೊಂಡು ಡಬ್ಬಿಯಲ್ಲಿದ್ದವು.

"ಅಮ್ಮಾ, ಅಜ್ಜಿ ಎಲ್ಲಾನೂ ಮಾಯ ಮಾಡ್ತಾಳೆ!"

ದೊಡ್ಡಮ್ಮ ಪೆಚ್ಚಾದಳು. "ಅಯ್ಯೋ, ಕಣ್ಣಿಗೆ ಬಿತ್ತು, ಎತ್ತಿಟ್ಟೆ ಕಣೇ. ಮತ್ತೆ ಕಟ್ಟೋಣ ಬಾ."

"ಬೇಡ. ನೀನು ಮತ್ತೆ ಎತ್ತಿಡ್ತೀಯ."

ಅತ್ತಿಗೆ ಮಗಳನ್ನು ಪಕ್ಕಕ್ಕೆ ಕರೆದು ಒದ್ದೆ ತಲೆ ಒರೆಸತೊಡಗಿದಳು. ಅದು ದೊಡ್ಡಮ್ಮನಿಗೆ ಹೆಚ್ಚು ಚುಚ್ಚಿತು. ತನ್ನನ್ನು ತಾನೇ ಮೇಲಿನ ಬಚ್ಚಲಿಗೆ ಕಳಿಸಿಕೊಂಡು, ಶವರಿನ ತೂತುಗಳಲ್ಲಿ ಕಟ್ಟಿದ್ದ ಸುಣ್ಣವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾ ಕೂತಳು.

ಕೆಳಗೆ ಆಗ ಬೇರೊಂದು ಮಾತು ನಡೆಯುತ್ತಿತ್ತು. ಅದು ಕ್ರಿಸ್‌ಮಸ್‌ನ ಹಿಂದಿನ ಸಂಜೆ. ಅಣ್ಣ ತಂದಿದ್ದ ಪುಟ್ಟ ಮರವನ್ನು ಮೂಲೆಯಲ್ಲಿ ನಿಲ್ಲಿಸಿ ದೀಪದ ಸರ ಸುತ್ತುತ್ತಿದ್ದ.

"ಅಪ್ಪಾ, ಕ್ರಿಸ್‌ಮಸ್ ತಾತಂಗೆ ಈ ಮನೆ ಗೊತ್ತಾ?" ಎಂದಳು ವಕೀಲಮ್ಮ.

"ಗೊತ್ತಿರುತ್ತೆ."

"ಹೇಗೆ? ನಾವೇ ನಿನ್ನೆ ಬಂದಿದ್ದು. ಅಲ್ದೆ ನನ್ನ ಕ್ಲಾಸಲ್ಲೊಬ್ಳು ಹೇಳಿದ್ಳು, ತಾತ ಬರಲ್ಲ, ಅಪ್ಪಂದಿರೇ ಉಡುಗೊರೆ ಇಡೋದು ಅಂತ."

ಅಣ್ಣ ದೀಪದ ಸರ ಕೆಳಗಿಟ್ಟ. "ಹಾಗಾ? ಸರಿ. ತಾತ ಬಂದ್ರೆ ಹೆಜ್ಜೆ ಬಿಟ್ಟು ಹೋಗ್ತಾನೆ. ಬೂಟಿನ ಬಿಳೀ ಹೆಜ್ಜೆ, ಬಾಗಿಲಿಂದ ಮರದ ತನಕ. ನಾನು ಚಿಕ್ಕವನಿದ್ದಾಗ ಪ್ರತಿ ವರ್ಷ ನೋಡಿದೀನಿ. ನಾಳೆ ಬೆಳಗ್ಗೆ ನೀನೇ ನೋಡು. ಹೆಜ್ಜೆ ಇದ್ರೆ ಬಂದಿದ್ದ, ಇಲ್ದಿದ್ರೆ ಇಲ್ಲ."

"ಪ್ರಾಮಿಸ್?"

"ಪ್ರಾಮಿಸ್."

ಮಕ್ಕಳು ಮಲಗಿದ ಮೇಲೆ ಅವನು ತನ್ನ ಕೆಲಸದ ಬೂಟು ಹಾಕಿಕೊಂಡು, ಸುತ್ತಲೂ ಮೈದಾ ಹಿಟ್ಟು ಜರಡಿಯಾಡಿ, ಹೆಜ್ಜೆಗಳನ್ನು ಮಾಡಿದ. ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳಂತೆ. ದೊಡ್ಡಮ್ಮನಿಗೆ ಹೇಳಬೇಕೆಂದು ಹೋಗಿ ನೋಡಿದರೆ ಅವಳು ಗುಂಡನ ಪಕ್ಕ ಮಲಗಿ ನಿದ್ದೆ ಹೋಗಿದ್ದಳು. ಬೆಳಗ್ಗೆ ಹೇಳಿದರಾಯಿತು ಎಂದುಕೊಂಡ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದವಳು ದೊಡ್ಡಮ್ಮ. ಮೆಟ್ಟಿಲಿಳಿದು ದೀಪ ಹಾಕಿದರೆ ಕೆಂಪು ಟೈಲ್ಸಿನ ಮೇಲೆ ಬಾಗಿಲಿಂದ ಮರದವರೆಗೆ ಹಿಟ್ಟು ಹಿಟ್ಟು, ನಡುವೆ ಬೂಟಿನ ಅಚ್ಚು. "ಇಷ್ಟು ವಯಸ್ಸಾದ್ರೂ ಬೂಟು ಬಿಚ್ಚೋದು ಕಲೀಲಿಲ್ಲ ಇವನು," ಎಂದು ಗೊಣಗಿ ಪೊರಕೆ ತೆಗೆದುಕೊಂಡಳು. ಹಿಟ್ಟಿಗೆ ನೇರ ನೀರು ಹಾಕಿದರೆ ಅಂಟಾಗುತ್ತದೆ. ಆದ್ದರಿಂದ ಮೊದಲು ಒಣ ಪೊರಕೆ, ಆಮೇಲೆ ಹಿಂಡಿದ ಬಟ್ಟೆ, ಆಮೇಲೆ ಇನ್ನೊಮ್ಮೆ ಚೊಕ್ಕ ಬಟ್ಟೆ. ಟೈಲ್ಸಿನ ಸಂದುಗಳಿಗೆ ಬಟ್ಟೆಯೊಳಗೆ ಉಗುರು ಕೊಟ್ಟು ಎಳೆದಳು. ಕಾಲೊರೆಸುವ ಚಾಪೆಯನ್ನೂ ಹೊರಗೆ ಕೊಡವಿ ಹಾಸಿದಳು. ಮರದ ಕೆಳಗಿನ ಉಡುಗೊರೆಗಳ ಮೇಲೆ ಕೂತಿದ್ದ ಧೂಳನ್ನೂ ಬಿಡಲಿಲ್ಲ. ನೆಲ ಕನ್ನಡಿಯಾಯಿತು. ಚಹಾಕ್ಕೆ ನೀರಿಟ್ಟಳು.

ಇಲ್ಲಿಂದ ಮುಂದೆ ಅಣ್ಣ ಹೇಳುವುದಕ್ಕೂ ದೊಡ್ಡಮ್ಮ ಹೇಳುವುದಕ್ಕೂ ಸ್ವಲ್ಪ ವ್ಯತ್ಯಾಸವಿದೆ. ನಾನು ಹೆಚ್ಚಾಗಿ ಅತ್ತಿಗೆ ಹೇಳಿದ್ದನ್ನು ತೆಗೆದುಕೊಂಡಿದ್ದೇನೆ, ಏಕೆಂದರೆ ಅವಳು ಆ ಹೊತ್ತಿನಲ್ಲಿ ಗುಂಡನನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ವಕೀಲಮ್ಮ ಓಡಿ ಬಂದಳು. ಉಡುಗೊರೆಗಳ ಕಡೆ ನೋಡಲೂ ಇಲ್ಲ. ಬಾಗಿಲ ಬಳಿ ಹೋಗಿ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿದಳು. ಮೊಣಕಾಲಲ್ಲಿ ತೆವಳಿಕೊಂಡು ಮರದವರೆಗೆ ಬಂದಳು. ಎದ್ದು ನಿಂತು ಅಪ್ಪನ ಮುಖ ನೋಡಿದಳು.

"ಹೆಜ್ಜೆ ಇಲ್ಲ."

ಅಣ್ಣನ ಕಣ್ಣು ನೆಲದಿಂದ ಪೊರಕೆಗೆ, ಪೊರಕೆಯಿಂದ ಅವನ ಅಮ್ಮನ ಕಡೆಗೆ ಹೋಯಿತು. "ಅದೂ... ತಾತ ಈ ಸಲ ಬೂಟು ಬಿಚ್ಚಿಟ್ಟು ಬಂದಿರ್ಬೇಕು ಪುಟ್ಟಿ."

"ಇಲ್ಲ ಅಂದ್ರೆ ಬಂದಿಲ್ಲ ಅಂತ ನೀನೇ ಹೇಳಿದ್ದು."

ಆ ಕ್ಷಣಕ್ಕೆ ದೊಡ್ಡಮ್ಮನಿಗೆ ತಾನು ಒರೆಸಿದ್ದು ಏನು ಎಂದು ತಿಳಿಯಿತು. ಸುಮ್ಮನಿದ್ದರೆ ಮಗನ ಮಾತು ಸುಳ್ಳಾಗುತ್ತದೆ. ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟಳು.

"ಇತ್ತು ಕಣೇ. ಹೆಜ್ಜೆ ಇತ್ತು. ಬಾಗಿಲಿಂದ ಮರದ ತನಕ ಇತ್ತು. ಕೊಳೆ ಅಂದ್ಕೊಂಡು ನಾನೇ ಒರೆಸ್ಬಿಟ್ಟೆ."

"ಎಷ್ಟು ದೊಡ್ಡದಿತ್ತು?"

"ದೊಡ್ಡದೇ."

"ಅಪ್ಪನ ಬೂಟಿಗಿಂತ?"

"ನಾನು... ಅಳತೆ ನೋಡ್ಲಿಲ್ಲ."

"ನೋಡದೇ ಒರೆಸ್ದೆ!" ಎಂದಳು ಹುಡುಗಿ. "ಕೋಟೆನೂ ನೋಡದೇ ತೆಗೆದೆ. ನಾನು ಹೊಸ ವರ್ಷಕ್ಕೆ ಅಜ್ಜಿ ಜೊತೆ ಇರಲ್ಲ. ಅಲ್ಲಿ ನನ್ನ ಸಾಮಾನೆಲ್ಲ ಒರೆಸ್ಬಿಡ್ತಾಳೆ. ನಾನು ಶಿಶುವಿಹಾರಕ್ಕೇ ಹೋಗ್ತೀನಿ."

ಟೇಬಲ್ಲಿನ ಹಾಸುಬಟ್ಟೆ ಎತ್ತಿ ಒಳಗೆ ನುಸುಳಿದಳು. ಬಟ್ಟೆ ಕೆಳಗಿಳಿಯಿತು. ಒಳಗಿಂದ ಅಳು ಕೇಳಿಸಿತು.

ದೊಡ್ಡಮ್ಮ ಅಡುಗೆಮನೆಗೆ ಹೋದಳು. ಅಣ್ಣ ಹಿಂದೆಯೇ ಹೋದ.

"ಬಿಡಮ್ಮಾ, ತಪ್ಪು ನಂದು. ನಿನಗೆ ಹೇಳ್ಬೇಕಿತ್ತು. ನಿನಗೆ ಇದು ಗೊತ್ತಿರಲ್ಲ ಅಂತ ನನಗೆ ಹೊಳೀಲೇ ಇಲ್ಲ."

"ನನಗೆ ಹೇಗೋ ಗೊತ್ತಿರುತ್ತೆ?"

"ನಮ್ಮನೇಲಿ ಅಪ್ಪ ಮಾಡ್ತಿದ್ರಲ್ಲ. ಹೀಗೇ, ಹಿಟ್ಟು ಹಾಕಿ."

"ನಮ್ಮನೇಲಾ?"

"ಪ್ರತಿ ವರ್ಷ. ನೀನು ಬರೋ ಹೊತ್ತಿಗೆ ಒರೆಸಿಟ್ಟಿರ್ತಿದ್ರು. ನಾನು ಇರಲಿ ಅಪ್ಪಾ, ಅಮ್ಮಂಗೆ ತೋರಿಸ್ಬೇಕು ಅಂತ ಅಳ್ತಿದ್ದೆ. ಬೇಡ, ಅಮ್ಮ ದಿನವಿಡೀ ಊರವರ ನೆಲ ಒರೆಸಿ ಬರ್ತಾಳೆ, ಬಂದ ಕೂಡ್ಲೇ ಬಟ್ಟೆ ಹಿಡೀತಾಳೆ ಅಂತ ಅವರೇ ಒರೆಸ್ತಿದ್ರು."

ದೊಡ್ಡಮ್ಮ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಆ ಮನೆಗೆ ಬಂದ ಮೇಲೆ ಅವಳು ಹಗಲು ಹೊತ್ತಿನಲ್ಲಿ ಕೂತದ್ದು ಅದೇ ಮೊದಲು ಎಂದು ಅಣ್ಣ ಹೇಳುತ್ತಾನೆ. "ಅವ್ರು ಹೇಳ್ಲೇ ಇಲ್ಲ ನೋಡು ನನಗೆ," ಎಂದಳು. "ನಾನೂ ಅಷ್ಟೇ. ಮನೆ ಎಷ್ಟು ಚೊಕ್ಕಟ ಇಟ್ಟಿದೀರ ಅಂತ ಮಾತ್ರ ಹೇಳ್ತಿದ್ದೆ." ಮೂಗು ಒರೆಸಿಕೊಂಡು ಎದ್ದಳು.

"ಎಲ್ಲಿಗಮ್ಮಾ? ಅವಳು ಈಗ ಮಾತಾಡಲ್ಲ, ಬಿಡು."

"ಮಾತಾಡ್ಸಕ್ಕೆ ಹೋಗ್ತಿಲ್ಲ."

ಹಜಾರಕ್ಕೆ ಬಂದು, ಟೇಬಲ್ಲಿನ ಪಕ್ಕ ಎರಡೂ ಮಂಡಿ ಊರಿ, ಹಾಸುಬಟ್ಟೆಗೆ ಹೇಳಿದಳು: "ನಾನು ಒರೆಸಿದ್ದು ನೆಲ ಮಾತ್ರ. ಮನೆಗೆ ಬಂದವರು ನೆಲದ ಮೇಲೊಂದೇ ಗುರುತು ಬಿಡಲ್ಲ ಕಣೇ. ನನ್ನ ಕೆಲಸಾನೇ ಅದನ್ನ ಹುಡುಕೋದು."

ಒಳಗೆ ಅಳು ನಿಂತಿತು. "ಹುಡುಕಿ ಒರೆಸೋದು," ಎಂದು ಬಟ್ಟೆ ತಿದ್ದಿತು.

"ಹ್ಞೂಂ. ಇವತ್ತು ಹುಡುಕೋದು ಮಾತ್ರ. ಒರೆಸೋ ಬಟ್ಟೆ ನಿನ್ನ ಕೈಲಿ ಕೊಡ್ತೀನಿ. ನೀನೇ ಇಟ್ಕೋ."

ಹಾಸುಬಟ್ಟೆಯ ಅಡಿಯಿಂದ ಒಂದು ಪುಟ್ಟ ಕೈ ಬಂದು ಒರೆಸುವ ಬಟ್ಟೆಯನ್ನು ಒಳಗೆಳೆದುಕೊಂಡಿತು. ಆಮೇಲೆ ಅಳುಮೋರೆ ಹೊರಬಂತು.

ಇಬ್ಬರೂ ಹೊರಟರು. ಮುಂದೆ ದೊಡ್ಡಮ್ಮ, ಹಿಂದೆ ಬಟ್ಟೆ ಹಿಡಿದ ವಕೀಲಮ್ಮ. ಬಾಗಿಲ ಹಿಡಿಯ ಹಿಂಭಾಗ ನೋಡಿದರು. ಏನೂ ಇಲ್ಲ. ದೀಪದ ಗುಂಡಿಯ ಸುತ್ತ ನೋಡಿದರು. ಏನೂ ಇಲ್ಲ. ಕನ್ನಡಿಗೆ ಬಾಯಿಯ ಹಬೆ ಬಿಟ್ಟು ಬೆರಳಚ್ಚು ಹುಡುಕಿದರು. ಅದೂ ಇಲ್ಲ. ಬಾಗಿಲ ಚೌಕಟ್ಟಿನ ಮೇಲ್ಭಾಗಕ್ಕೆ ಬೆರಳು ಹಾಯಿಸಿದರೆ ಬೆರಳು ಬೆಳ್ಳಗೇ ಬಂತು. ಇಷ್ಟು ವರ್ಷ ಅವಳು ಎಷ್ಟೋ ಸೋಮಾರಿ ಕೆಲಸದವರನ್ನು ಬೈದಿದ್ದಾಳೆ. ಈಗ, ದೇವರೇ, ಈ ಮನೆಯವಳು ಎಲ್ಲಾದರೂ ಒಂದು ಕಡೆ ಸೋಮಾರಿತನ ಮಾಡಿರಲಿ ಎಂದು ಬೇಡಿಕೊಂಡಳಂತೆ.

"ನೋಡು, ಏನೂ ಇಲ್ಲ," ಎಂದಳು ವಕೀಲಮ್ಮ.

"ತಾಳು, ತಾಳು." ದೊಡ್ಡಮ್ಮ ಕಿಟಕಿಯ ಬಳಿ ಬಂದು ಜಮಖಾನವನ್ನು ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ ಬಗ್ಗಿದಳು. "ಇಲ್ಲಿ ಬೆರಳಿಡು. ಒತ್ತು. ಏನು ಸಿಗ್ತು?"

"ತಗ್ಗು."

"ಇಲ್ಲಿ?"

"ಇಲ್ಲೂ ತಗ್ಗು. ಒಂದು, ಎರಡು... ನಾಲ್ಕು!"

"ಕುರ್ಚಿಗೆ ಎಷ್ಟು ಕಾಲು?"

ವಕೀಲಮ್ಮ ಕುರ್ಚಿ ನೋಡಿದಳು. ಅದು ತಗ್ಗುಗಳಿಂದ ಒಂದು ಮಾರು ಆಚೆಗಿತ್ತು.

"ಈ ಕುರ್ಚೀನ ಯಾರೋ ಕಿಟಕಿ ಹತ್ರ ಎಳ್ಕೊಂಡು ತುಂಬಾ ಹೊತ್ತು ಕೂತಿದ್ರು. ನಮ್ಮಲ್ಲಿ ಯಾರಾದ್ರೂ ಎಳೆದ್ರಾ?"

"ಇಲ್ಲ. ಅದು ಭಾರ ಇದೆ. ಗುಂಡ ತಳ್ಳಿದ್ದ, ಬರ್ಲಿಲ್ಲ."

ದೊಡ್ಡಮ್ಮ ಪರದೆ ಸರಿಸಿದಳು. ಕಿಟಕಿಯ ಕಟ್ಟೆಯ ಮೇಲೆ, ಪರದೆಯ ಮರೆಯಲ್ಲಿ, ಒಂದು ಕಪ್ಪಿನ ತಳದ ಕಂದು ಉಂಗುರ. ಪರದೆಯ ಅಂಚು ಒಂದು ಕಡೆ ಮಾತ್ರ ಮುದುಡಿತ್ತು, ಯಾರೋ ಮತ್ತೆ ಮತ್ತೆ ಹಿಡಿದು ಸರಿಸಿದ ಹಾಗೆ. ಕುರ್ಚಿಯ ಸಂದಿಗೆ ಕೈ ಹಾಕಿದರೆ ಸಾಸಿವೆ ಕಾಳಿನಷ್ಟಕ್ಕೆ ಉಂಡೆ ಮಾಡಿದ ಪೆಪ್ಪರ್‌ಮಿಂಟಿನ ಬೆಳ್ಳಿ ಕಾಗದ. ಕುರ್ಚಿಯ ಬೆನ್ನಿನ ಹೊಲಿಗೆಯಲ್ಲಿ ಒಂದು ಕೂದಲು. ಉದ್ದ. ಬಿಳಿ.

ವಕೀಲಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದಳು.

ಆ ಗುರುತುಗಳು ತಮಗಿಂತ ಮೊದಲು ಆ ಮನೆಯಲ್ಲಿದ್ದವರದು ಎಂದು ದೊಡ್ಡಮ್ಮನಿಗೆ ಗೊತ್ತಿತ್ತು. ಅವಳು ಸುಳ್ಳು ಹೇಳಲಿಲ್ಲ. ಕಂಡದ್ದನ್ನಷ್ಟೇ ಹೇಳಿದಳು. "ಯಾರೋ ವಯಸ್ಸಾದವರು. ಈ ಕಿಟಕಿ ಹತ್ರ ಕೂತು, ಬಿಸಿ ಬಿಸಿ ಏನೋ ಕುಡಿದು, ಪೆಪ್ಪರ್‌ಮಿಂಟ್ ತಿಂತಾ, ಪರದೆ ಸರಿಸಿ ಸರಿಸಿ ನೋಡಿದಾರೆ. ಏನನ್ನೋ ಕಾಯ್ತಿದ್ರು."

"ನಾವು ಮಲಗೋದನ್ನ!" ಎಂದು ಕಿರುಚಿದಳು ವಕೀಲಮ್ಮ. "ನಾವು ಮಲಗೋದನ್ನ ಕಾಯ್ತಿದ್ದ!"

ದೊಡ್ಡಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಎದ್ದೇಳುವಾಗ ಬಲಗೈ ಊರಿದಾರೆ ನೋಡು, ಈ ಕಡೆ ಕುರ್ಚಿ ಕೈ ಸಡಿಲ ಆಗಿದೆ. ಮಂಡಿ ನೋವಿರ್ಬೇಕು ಪಾಪ."

"ಕ್ರಿಸ್‌ಮಸ್ ತಾತಂಗೆ ಮಂಡಿ ನೋವಾ?"

"ನನಗೇ ಇದೆ. ಮೆಟ್ಟಿಲು ಹತ್ತಿ ಇಳಿಯೋ ಕೆಲಸ ಮಾಡೋವ್ರಿಗೆಲ್ಲ ಇರುತ್ತೆ."

ಆದರೆ ವಕೀಲಮ್ಮ ಅಷ್ಟು ಸುಲಭಕ್ಕೆ ಬಿಡುವವಳಲ್ಲ. "ಅಪ್ಪಂಗೂ ಬಿಳಿ ಕೂದಲಿದೆ," ಎಂದಳು. ಅಣ್ಣನನ್ನು ಕರೆಸಿದರು. ಅವನು ಸೋಫಾದ ಮುಂದೆ ಕೂತು ತಲೆ ಬಗ್ಗಿಸಿದ. ಮಗಳು ಅವನ ತಲೆಯ ಮೇಲೆ ಆ ಕೂದಲನ್ನು ಹಿಡಿದು ಉದ್ದ ನೋಡಿದಳು.

"ಅಪ್ಪಂದು ಗಿಡ್ಡ," ಎಂದು ತೀರ್ಪು ಕೊಟ್ಟಳು. "ಅಲ್ದೆ ಇಲ್ಲಿ ಕೂದಲೇ ಇಲ್ಲ."

"ಅದನ್ನ ಹೇಳ್ಬೇಕಿರ್ಲಿಲ್ಲ," ಎಂದ ಅಣ್ಣ.

"ರೀ, ಸಾಕ್ಷಿ ನುಡಿಯುವಾಗ ಸುಮ್ನಿರ್ಬೇಕು," ಎಂದಳು ಅತ್ತಿಗೆ ಮೆಟ್ಟಿಲ ಮೇಲಿಂದ.

ಆಮೇಲೆ ಒಂದು ಸಂಗತಿ ನಡೆಯಿತು. ವಕೀಲಮ್ಮ ಟೇಬಲ್ಲಿನ ಕಡೆ ತಿರುಗಿ, "ಅಜ್ಜಿ, ಟೇಬಲ್ ಕೆಳಗೆ ನೋಡ್ದ್ಯಾ?" ಎಂದು ಕೇಳಿದಳು.

"ನೆಲ ಒರೆಸಿದೀನಿ."

"ನೆಲ ಅಲ್ಲ. ಮೇಲ್ಗಡೆ. ಟೇಬಲ್‌ನ ಹೊಟ್ಟೆ."

ದೊಡ್ಡಮ್ಮ ನೋಡಿರಲಿಲ್ಲ. ಎಷ್ಟೋ ಮನೆಗಳ ಟೇಬಲ್ಲುಗಳನ್ನು ಅವಳು ಮೇಲಿಂದ ಒರೆಸಿದ್ದಳು, ಕಾಲು ಒರೆಸಿದ್ದಳು, ಕೆಳಗೆ ಗುಡಿಸಿದ್ದಳು. ಒಂದರ ಹೊಟ್ಟೆಯನ್ನೂ ನೋಡಿರಲಿಲ್ಲ.

"ಬಾ," ಎಂದು ಹುಡುಗಿ ಕೈ ಎಳೆದಳು.

ಮಂಡಿ ನೋವಿನ ದೊಡ್ಡಮ್ಮ ಮೊದಲು ಕೂತು, ಆಮೇಲೆ ಒಂದು ಪಕ್ಕಕ್ಕೆ ವಾಲಿ, ಆಮೇಲೆ ಅಂಗಾತ ಮಲಗಿ, ಹಾಸುಬಟ್ಟೆಯೊಳಗೆ ಜಾರಿದಳು. ಹೊರಗೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು. ಗುಂಡ ಅತ್ತಿಗೆಯ ಕೈಯಿಂದ ಇಳಿದು ಓಡಿ ಬಂದು ಆ ಪಾದಗಳಿಗೆ ಡಿಕ್ಕಿ ಹೊಡೆದು ನಿಂತ. ಆಮೇಲೆ ಅವನೂ ಒಳಗೆ ನುಸುಳಿದ.

ಟೇಬಲ್ಲಿನ ಅಡಿಭಾಗದ ಒರಟು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಒಂದು ಪ್ರಾಣಿ ಇತ್ತು.

"ಅಳ್ತಾ ಇದ್ದಾಗ ನೋಡ್ದೆ," ಎಂದಿತು ವಕೀಲಮ್ಮನ ದನಿ. "ತಾತನ ಗಾಡಿ ಎಳೆಯೋ ಜಿಂಕೆ."

"ಕುದುರೆ ಥರ ಇದೆಯಲ್ಲೇ."

"ಕೊಂಬಿದೆ, ನೋಡು."

"ಅದು ಕಿವಿ. ಮತ್ತೆ ಐದು ಕಾಲ್ಯಾಕೆ?"

"ಒಂದು ಬಾಲ."

"ಬಾಲ ಇಲ್ಲಿ ಬೇರೆ ಇದೆ."

ಆಮೇಲೆ ಒಳಗಿಂದ ಇಬ್ಬರ ನಗು ಕೇಳಿಸಿತು. ಒಂದು ಪುಟ್ಟ ನಗು, ಒಂದು ದೊಡ್ಡ ನಗು. ಗುಂಡನೂ ಏನೆಂದು ತಿಳಿಯದೆ ನಗುತ್ತಿದ್ದ. ದೊಡ್ಡಮ್ಮ ಹೀಗೆ ಹೊಟ್ಟೆ ತುಂಬ ನಕ್ಕದ್ದನ್ನು ಅತ್ತಿಗೆ ಮದುವೆಯಾಗಿ ಬಂದ ಮೇಲೆ ಕೇಳಿರಲಿಲ್ಲ.

"ಇಷ್ಟು ದಿನ ಯಾರೂ ನೋಡಿಲ್ಲ ಇದನ್ನ," ಎಂದಳು ದೊಡ್ಡಮ್ಮ. "ಇಲ್ಲಿ ಕೆಲಸ ಮಾಡೋವ್ಳಿಗೂ ಗೊತ್ತಿಲ್ಲ. ನಾನಾಗಿದ್ರೂ ನೋಡ್ತಿರ್ಲಿಲ್ಲ. ನೀನು ನನಗಿಂತ ಚುರುಕು ಕಣೇ."

"ನಾನು ಕುಳ್ಳಿ ಅಲ್ವಾ. ನನಗೆ ಕೆಳಗಿಂದು ಕಾಣುತ್ತೆ. ನಿನಗೆ ಮೇಲಿಂದು."

ಚರ್ಚಿಗೆ ಅವರು ತಡವಾಗಿ ಹೋದರು. ಹಿಂದಿನ ಬೆಂಚಿನಲ್ಲಿ ಕೂತರು. ಬಂದು ಕೋಳಿಯನ್ನು ತುಂಡು ಮಾಡಿ ಓವನ್ನಿನಲ್ಲಿಟ್ಟರು. ಅದು ಒಂದು ಕಡೆ ಕರಕಲಾಗಿ, ಇನ್ನೊಂದು ಕಡೆ ಬೇಯದೆ, ಮತ್ತೆ ಬಾಣಲೆಗೆ ಹೋಗಿ, ಅಂತೂ ತಟ್ಟೆಗೆ ಬಂತು. ಉಪ್ಪು ಜಾಸ್ತಿಯಾಗಿತ್ತು. ನಾಲ್ಕು ಪೊಟ್ಟಣವಿದ್ದರೆ ಕೈ ಧಾರಾಳವಾಗುತ್ತದೆ ಎಂದು ಅಣ್ಣ ಹೇಳಿ ಬೈಸಿಕೊಂಡ. ಆಲೂಗಡ್ಡೆ ಚೆನ್ನಾಗಿತ್ತು, ಎಲ್ಲರೂ ಅದನ್ನೇ ತಿಂದರು.

ಊಟದ ನಡುವೆ ವಕೀಲಮ್ಮ ಚಮಚ ಕೆಳಗಿಟ್ಟಳು.

"ಅಜ್ಜಿ, ನಿಮ್ಮನೇಲಿ ಟೇಬಲ್ ಇದ್ಯಾ?"

"ಇದೆ. ಹಳೇದು. ನಿಮ್ಮಪ್ಪ ಅದರ ಮೇಲೇ ಓದಿದ್ದು."

"ಅದರ ಹೊಟ್ಟೇಲಿ ಏನಿದೆ?"

ಅಣ್ಣ ತಟ್ಟೆಯ ಕಡೆ ನೋಡತೊಡಗಿದ.

"ಗೊತ್ತಿಲ್ಲ ಕಣೇ. ನಾನು ನೋಡೇ ಇಲ್ಲ," ಎಂದಳು ದೊಡ್ಡಮ್ಮ ಮಗನ ಮುಖವನ್ನೇ ನೋಡುತ್ತಾ.

"ಮಂಚದ ಕೆಳಗೆ? ಕಪಾಟಿನ ಹಿಂದೆ?"

"ಅದೂ ಒಳಗಡೆಯಿಂದ ನೋಡಿಲ್ಲ."

ವಕೀಲಮ್ಮ ಬೆರಳು ಮಡಚಿ ಮನಸ್ಸಿನಲ್ಲೇ ಏನೋ ಎಣಿಸಿದಳು. "ಹಾಗಾದ್ರೆ ನಾನೇ ಬಂದು ನೋಡ್ಬೇಕು. ಸ್ಕೂಲ್ ಬಿಟ್ಟ ಮೇಲೆ ಬರ್ತೀನಿ. ಒಂದೇ ದಿನದಲ್ಲಿ ಆಗಲ್ಲ."

"ಎಲ್ಲಿ ಆಗುತ್ತೆ," ಎಂದಳು ದೊಡ್ಡಮ್ಮ.

"ನಾನು ಬರೋ ತನಕ ನೀನು ಏನನ್ನೂ ಮುಟ್ಟಬಾರ್ದು."

"ಇಲ್ಲಮ್ಮ. ಮುಟ್ಟಲ್ಲ."

ಗುಂಡನ ಬಾಯಿ ಒರೆಸುತ್ತಿದ್ದ ಅತ್ತಿಗೆ ತಲೆಯೆತ್ತಿ ಕೇಳಿದಳು: "ಅತ್ತೆ, ಕೆಲಸ ಬಿಡ್ತೀನಿ ಅಂತ ಅವ್ರಿಗೆ ಯಾವತ್ತು ಹೇಳ್ತೀರಿ?"

ಅದಕ್ಕೆ ಉತ್ತರ ಹೇಳಲು ದೊಡ್ಡಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಾಯಿ ತುಂಬ ಆಲೂಗಡ್ಡೆ ಇತ್ತು, ಅದಕ್ಕೇ ಎಂದು ಅವಳು ಈಗಲೂ ಹೇಳುತ್ತಾಳೆ. ಇರಲಿಲ್ಲ ಎನ್ನುತ್ತಾಳೆ ಅತ್ತಿಗೆ.